ಕೋಥ್ರೂಡಿನ ರೇಟಿಂಗ್ ಟೂರ್ನಮೆಂಟ್: ಕೆಳಗಿನ ಬೋರ್ಡಿನವರಿಗೂ ಮರ್ಯಾದಿ ಅದ

ಪುಣೆಯೊಳಗ ಚೆಸ್ ಆಡೋ ನಮ್ಮ ಕನ್ನಡ ಮಂದಿಗೆ ಹೇಳಲೇಬೇಕು ಅಂತ ಬರೀಲಿಕತ್ತೀನಿ. ಕೋಥ್ರೂಡ್ ಕಡೆ ಒಂದು ಮಂಗಲ ಕಾರ್ಯಾಲಯದಾಗ ಫಿಡೆ (ಜಾಗತಿಕ ಚೆಸ್ ಒಕ್ಕೂಟ) ರೇಟಿಂಗ್ ಟೂರ್ನಮೆಂಟ್ ಇತ್ತು, ಒಬ್ಬೊಬ್ಬರಿಗೆ 90 ನಿಮಿಷ, ಮ್ಯಾಲೆ ಮೂವಿಗೆ 30 ಸೆಕೆಂಡ್. ಎಷ್ಟೋ ಕಡೆ ಚಲೋ ಕ್ಲಾಕ್ ಎಲ್ಲಾ ಮ್ಯಾಲಿನ ಬೋರ್ಡಿಗೆ ಹೋಗ್ತಾವ, 1500 ರೇಟಿಂಗಿನ ಆಸುಪಾಸಿನವರಿಗೆ ಕಿವಿ ಮುರಿದ ಕುದುರಿ ಸೆಟ್ಟು. ಇಲ್ಲಿ ಕಟ್ಟಕಡೇ ಟೇಬಲ್ಲಿಗೂ ಅದೇ ಡಿಜಿಟಲ್ ಕ್ಲಾಕು, ಅದೇ ತೂಕದ ಪೀಸು.

ಅದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಆರ್ಬಿಟರ್, ಅಂದ್ರ ಆಟದ ತೀರ್ಪುಗಾರರು. ನನ್ನ ಎದುರಿಗೆ ಸೊಲ್ಲಾಪುರದ ಕಾಕಾ ಒಬ್ರು, ಕ್ಯಾರೋ-ಕಾನ್ ಓಪನಿಂಗ್ ಆಡಿದ್ರು, ನಾ ಅದರ ಅಡ್ವಾನ್ಸ್ ದಾರಿ ಹಿಡಿದೆ, ಹೊಡೆದಾಡಿ ಹೊಡೆದಾಡಿ ರೂಕ್ ಎಂಡಿಂಗಿಗೆ ಬಂತು, ನನಗ ಒಂದು ಪಾನ್ ಹೆಚ್ಚು. ಅವ್ರು ಚೆಕ್ ಕೊಡೂದು ನಾ ರಾಜನ್ನ ಸರಿಸೂದು ಹಿಂಗ ನಡೆದಾಗ ಕಾಕಾ ಪೀಸ್ ಮುಟ್ಟದ ಮೂವ್ ಶೀಟಿನಾಗ ಬರೆದು ಕ್ಲಾಕ್ ನಿಲ್ಲಿಸಿ ಕೈ ಎತ್ತಿದ್ರು, ಮೂರನೇ ಸಲ ಅದೇ ಪೊಸಿಷನ್, ಡ್ರಾ ಅಂತ. ಆರ್ಬಿಟರ್ ಮ್ಯಾಡಮ್ ಇಬ್ಬರ ಸ್ಕೋರ್‌ಶೀಟ್ ತಗೊಂಡು ಬಾಜೂಕಿನ ಖಾಲಿ ಬೋರ್ಡಿನ ಮ್ಯಾಲೆ ಒಂದೊಂದೇ ಮೂವ್ ಇಟ್ಟು ತೋರಿಸಿದ್ರು. ಪೀಸೆಲ್ಲಾ ಅದೇ ಮನಿಯೊಳಗ ಇದ್ರೂ ಒಂದು ಸಲ ಚಾಲ್ ಕಾಕಾಂದಿತ್ತು, ಮೂರೂ ಸಲ ಚಾಲ್ ಒಬ್ಬರದೇ ಇರಬೇಕು, ಹಂಗಾಗಿ ಎರಡೇ ಸಲ. ಕ್ಲೇಮ್ ತಪ್ಪಾದ್ರ ಎದುರಿನವರಿಗೆ 2 ನಿಮಿಷ, ಬರೆದ ಮೂವ್ ಆಡಲೇಬೇಕು, ಇದನ್ನ ಕಾಕಾಗೆ ಮರಾಠಿಯೊಳಗ ಸಾವಕಾಶ ಹೇಳಿದ್ರು, ದನಿ ಏರಿಸಲಿಲ್ಲ. ಆಮ್ಯಾಲೆ ಲುಸೆನಾ ಪೊಸಿಷನ್ (ಒಂದು ಪಾನ್ ಹೆಚ್ಚಿದ್ದವರು ಗೆಲ್ಲೋ ಹೆಸರಾದ ರೂಕ್ ಎಂಡಿಂಗ್) ಮುಟ್ಟಿ, ರೂಕ್ ನಾಲ್ಕನೇ ರ‍್ಯಾಂಕಿಗೆ ತಂದು ಗೆದ್ದೆ.

2024ರ ಮಾರ್ಚಿಂದ ಫಿಡೆ ರೇಟಿಂಗಿನ ತಳ 1000 ಇದ್ದದ್ದು 1400 ಆಗೇದ, ಅದರ ಕೆಳಗ ಜಾರಿದ್ರ ರೇಟಿಂಗೇ ಹೋತು. ನಮ್ಮಂಥವರಿಗೆ ಅರ್ಧ ಪಾಯಿಂಟೂ ದೊಡ್ಡದರೀ, ಅಂಥಾದ್ದನ್ನ ಇಷ್ಟು ಮನಸಿಟ್ಟು ನೋಡೋ ಆರ್ಬಿಟರ್ ಸಿಗೂದು ಕಮ್ಮಿ.

ಅನಾಲಿಸಿಸ್ಸಿಗೆ ಬ್ಯಾರೆ ರೂಮ್ ಇಟ್ಟಿದ್ರು. ಕಾಕಾ ಅಲ್ಲಿ ಕನ್ನಡದಾಗ ಶುರು ಹಚ್ಚಿದ್ರು, "ತಮ್ಮಾ, ನನ್ನ ರಾಜ ಪಾನಿನ ಶಾರ್ಟ್ ಸೈಡಿಗೆ, ಕಮ್ಮಿ ಮನಿ ಇರೋ ಕಡೆ, ಹೋಗಬೇಕಿತ್ತು, ರೂಕ್ ಲಾಂಗ್ ಸೈಡಿಂದ ಚೆಕ್ ಕೊಡಬೇಕಿತ್ತು" ಅಂತ, ಚಹಾ ಆರಿಹೋದ್ರೂ ಬಿಡಲಿಲ್ಲ.

ಕೊರತೀನೂ ಅವ. ಪೇರಿಂಗ್ (ಯಾರಿಗೆ ಯಾರು ಎದುರು ಅನ್ನೋ ಪಟ್ಟಿ) ತಡಾ ಹಾಕ್ತಾರ, ಬಾಗಲ ಹತ್ರ ಪಾಲಕರ ಗದ್ದಲ, ಆಟಗಾರರ ಫೋನ್ ಇಸ್ಕೊಂಡವರು ಪಾಲಕರ ಫೋನೂ ಬಂದ್ ಮಾಡಿಸಬೇಕು. ಎಂಟ್ರಿ ತುಂಬೋರು ಬಾಗಲದಿಂದ ದೂರದ ಸಾಲು ಸಿಗಲಿ ಅಂತ ಬೇಡ್ಕೊಳ್ರಿ.