ಎಣ್ಣೆ ಹಚ್ಚಿಟ್ಟ ರೈಫಲ್‌ಗೂ ತುಕ್ಕು ಹಿಡಿಯುತ್ತದೆ

ಹಳೆಯ ಸೇನಾ ದಾಸ್ತಾನಿನ ತೋಟಾಗಳನ್ನು ಬಳಸುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಅಂಥ 40 ತೋಟಾಗಳನ್ನು ಹಾರಿಸಿದ ದಿನ ನಾನು ರೈಫಲನ್ನು ಹಾಗೆಯೇ ಬಿಟ್ಟಿರಲಿಲ್ಲ. ಎಣ್ಣೆಯಲ್ಲಿ ನೆನೆಸಿದ ಬಟ್ಟೆಯ ತುಂಡುಗಳನ್ನು ಒಂದಾದ ಮೇಲೊಂದರಂತೆ ನಳಿಗೆಯಲ್ಲಿ ಹಾಯಿಸಿ, ಕೊನೆಯದು ಬೆಳ್ಳಗೆ ಹೊರಬಂದ ಮೇಲೆಯೇ ಸ್ಪಂಜಿನ ಒಳಪದರವಿದ್ದ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಮೂರು ವಾರಗಳ ನಂತರ ಒಣಬಟ್ಟೆ ಹಾಯಿಸಿದಾಗ, ನಳಿಗೆಯ ಬಾಯಿ ಇನ್ನೂ ಗೇಣುದ್ದ ದೂರವಿರುವಂತೆಯೇ ರಾಡು ತಡೆಯಿತು. ಮರಳುಕಾಗದದ ಮೇಲೆ ಉಜ್ಜಿದಂತೆ ಕೈಗೆ ಒರಟು ತಾಗಿತು. ಹೊರಬಂದ ಬಟ್ಟೆಯ ಮೇಲೆ ಇಟ್ಟಿಗೆಯ ಪುಡಿಯಂಥ ಕೆಂಪು ಮೆತ್ತಿತ್ತು.

ಕೋವಿ ದುರಸ್ತಿ ಮಾಡುವವರು ಕೇಳಿದ ಮೊದಲ ಪ್ರಶ್ನೆ, "ನೀರಿನಲ್ಲಿ ತೊಳೆದಿದ್ದಿರಾ?" ಎಂಬುದು. ಕಬ್ಬಿಣದ ಹತ್ತಿರ ನೀರು ಸುಳಿಯಬಾರದೆಂದೇ ನಾನು ನಂಬಿದ್ದೆ. ಆದರೆ ತೋಟಾದ ಬುಡದಲ್ಲಿದ್ದು ಮದ್ದಿಗೆ ಬೆಂಕಿ ಹೊತ್ತಿಸುವ ಹಳೆಯ ಪ್ರೈಮರ್‌ನಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್ ಉರಿದಾಗ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವಾಗಿ ನಳಿಗೆಯೊಳಗೆ ಕೂರುತ್ತದೆ. ಅಡುಗೆಯುಪ್ಪಿನ ಹಾಗೆ ಅದೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ನನ್ನ ಬಟ್ಟೆ ಮಸಿಯನ್ನು ತೆಗೆದಿತ್ತು, ಉಪ್ಪನ್ನು ಎಣ್ಣೆಯ ಅಡಿಯಲ್ಲಿಯೇ ಮುಚ್ಚಿಟ್ಟಿತ್ತು. ತುಕ್ಕು ಹಿಡಿಸದ ಪ್ರೈಮರ್‌ಗಳು 1920ರ ದಶಕದಲ್ಲಿಯೇ ಮಾರುಕಟ್ಟೆಗೆ ಬಂದಿದ್ದರೂ ಹಲವು ಸೇನೆಗಳು ದಶಕಗಳ ಕಾಲ ಹಳೆಯ ಮಿಶ್ರಣವನ್ನೇ ಬಳಸಿದವು. ತೋಟಾ ಹೊಳೆಯುತ್ತಿದೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ಅನುಮಾನವಿದ್ದರೆ ಉಪ್ಪಿದೆ ಎಂದೇ ಭಾವಿಸಿರಿ.

ಅಂಥ ತೋಟಾ ಬಳಸಿದ್ದರೆ ಅದೇ ದಿನ ತೊಳೆಯಬೇಕು. ತೋಟಾಗಳನ್ನೆಲ್ಲ ಹೊರತೆಗೆದು, ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಚೇಂಬರ್ ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಕಳಚಿ, ಬಿಸಿನೀರಿನಲ್ಲಿ ನೆನೆಸಿದ ಬಟ್ಟೆಗಳನ್ನು ಸಾಧ್ಯವಿದ್ದಲ್ಲೆಲ್ಲ ಚೇಂಬರ್ ಕಡೆಯಿಂದಲೇ ಹಾಯಿಸಿರಿ. ಬಾಯಿಯ ಕಡೆಯಿಂದ ತೂರಿಸುವ ರಾಡು ಅಲ್ಲಿನ ಅಂಚನ್ನು ಸವೆಸಿದರೆ ಗುರಿಯೇ ಕೆಡುತ್ತದೆ. ಬೋಲ್ಟಿನ ಮುಖವನ್ನೂ, ಗ್ಯಾಸ್ ಒತ್ತಡದಿಂದ ನಡೆಯುವ ರೈಫಲ್ ಆಗಿದ್ದರೆ ಅದರ ಪಿಸ್ಟನ್ನನ್ನೂ ಮರೆಯಬಾರದು. ಪೂರ್ತಿ ಒಣಗಿಸಿದ ಮೇಲೆಯೇ ಮಸಿ ಕರಗಿಸುವ ದ್ರಾವಣ, ಕಂಚಿನ ಬ್ರಷ್, ಕೊನೆಯಲ್ಲಿ ತೆಳುವಾದ ಎಣ್ಣೆ. ಮರುದಿನ ಮತ್ತೊಂದು ಬಟ್ಟೆ ಹಾಯಿಸಿ ನೋಡಿರಿ. ನಾನು ಅದೊಂದನ್ನು ಮಾಡಿದ್ದರೂ ತುಕ್ಕು ಮೇಲುಮೇಲೆ ಇರುವಾಗಲೇ ಕಣ್ಣಿಗೆ ಬೀಳುತ್ತಿತ್ತು. ಈಗ ಉಕ್ಕಿನಲ್ಲಿ ಗುಳಿಗಳು ಬಿದ್ದಿವೆ, ಅವು ಯಾವ ಬ್ರಷ್‌ಗೂ ಹೋಗುವುದಿಲ್ಲ.

ಇಂದಿನ ಸಾಮಾನ್ಯ ತೋಟಾಗಳಿಗೆ ಇಷ್ಟು ಅವಸರವಿಲ್ಲ. ಸೀಸದ ಗುಂಡಿನ .22 ರೈಫಲನ್ನು ಪ್ರತಿಸಲವೂ ಉಜ್ಜುವುದು ಅನಗತ್ಯವೆಂದೇ ನನ್ನ ಅಭಿಪ್ರಾಯ. ಆದರೆ ಮಳೆಯಲ್ಲಿ ನೆನೆದಿದ್ದರೆ ಅಥವಾ ತಿಂಗಳುಗಟ್ಟಲೆ ಎತ್ತಿಡುವುದಿದ್ದರೆ ಶುಚಿಮಾಡಲೇಬೇಕು. ತೇವ ಹಿಡಿದಿಡುವ ಸ್ಪಂಜಿನ ಪೆಟ್ಟಿಗೆ ಸಾಗಿಸುವುದಕ್ಕೆ ಮಾತ್ರ ಇರಲಿ. ಮತ್ತೆ ಹಾರಿಸುವ ಮುನ್ನ ಒಣಬಟ್ಟೆಯಿಂದ ನಳಿಗೆಯ ಎಣ್ಣೆಯನ್ನು ಒರೆಸಿ, ಬಟ್ಟೆಯ ತುಂಡೇನಾದರೂ ಒಳಗೆ ಉಳಿದಿದೆಯೇ ಎಂದು ಬೋಲ್ಟ್ ತೆಗೆದು, ಚೇಂಬರ್ ಕಡೆಯಿಂದ ಬೆಳಕಿಗೆ ಹಿಡಿದು ನೋಡಿರಿ.