ಬಳ್ಳಾರಿ ಜಾಲಿ ತೆರವು: ಜೆಸಿಬಿಯೋ, ಕೂಲಿ ತಂಡವೋ?

ವರ್ಷಗಟ್ಟಲೆ ಬೀಳುಬಿಟ್ಟು ಬಳ್ಳಾರಿ ಜಾಲಿ ಹಬ್ಬಿರುವ ಬಯಲುಸೀಮೆಯ ಜಮೀನನ್ನು ತೆರವುಗೊಳಿಸುವವರು ಜೆಸಿಬಿ ಬಾಡಿಗೆ ಮತ್ತು ಕೂಲಿ ತಂಡಗಳ ನಡುವೆ ಆರಿಸುವ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು: ನೆಲಮಟ್ಟದಲ್ಲಿ ಕಡಿದ ಜಾಲಿ ಬುಡದಿಂದ ಮತ್ತೆ ಚಿಗುರುತ್ತದೆ.

ಜೆಸಿಬಿ ಬುಡವನ್ನು ಬೇರುಸಮೇತ ಕೀಳುತ್ತದೆ. ಬಾಡಿಗೆ ಗಂಟೆಯ ಲೆಕ್ಕದಲ್ಲಿರುವುದರಿಂದ ದಟ್ಟ ಪೊದೆಗಳಿಗೆ ಅದೇ ಅಗ್ಗವಾಗಬಹುದು. ಆದರೆ ಬಕೆಟ್ಟಿನೊಂದಿಗೆ ಮೇಲ್ಮಣ್ಣೂ ಹೋಗುತ್ತದೆ. ಮನೆ ಕಟ್ಟುವ ಜಾಗದಲ್ಲಿ ಇದು ದೊಡ್ಡ ನಷ್ಟವಲ್ಲ, ಬೇರು ಕಿತ್ತ ಗುಂಡಿಗಳನ್ನು ಪದರಪದರವಾಗಿ ತುಂಬಿ ದಮ್ಮಸ್ಸು ಮಾಡಿಸಿದರೆ ಸಾಕು. ಹುಲ್ಲುಗಾವಲಿಗಾದರೆ ಆ ಮಣ್ಣೇ ಜೀವಾಳ.

ಅಲ್ಲಿ ನಾನು ಕೂಲಿ ತಂಡವನ್ನೇ ಆರಿಸುವೆ. ಗುದ್ದಲಿ, ಹಾರೆ ಹಿಡಿದವರು ನಿಧಾನವಾಗಿ ಬುಡ ಅಗೆದರೂ ನೆಲದ ಹುಲ್ಲು ಉಳಿಯುತ್ತದೆ. ದಿನಗೂಲಿಗಿಂತ ಗುತ್ತಿಗೆ ಲೇಸು. ‘ಬುಡ ಕೀಳುವುದೂ ಸೇರಿದೆ’ ಎಂದು ಬರೆಸಿಕೊಳ್ಳಿ. ಜಾಲಿಯ ಕಾಯಿ ತಿಂದ ದನ, ಕುರಿಗಳ ಸಗಣಿ, ಹಿಕ್ಕೆಗಳಿಂದ ಬೀಜ ಮತ್ತೆ ಹರಡುವುದರಿಂದ, ಮುಂದಿನ ಮಳೆಗಾಲಗಳಲ್ಲಿ ಸಸಿಗಳನ್ನು ಕೀಳಲು ಅದೇ ತಂಡವನ್ನು ಕರೆಸುವ ಮಾತನ್ನೂ ಈಗಲೇ ಆಡಿಕೊಳ್ಳಬೇಕು.

ಪೊದೆಗಳ ನಡುವೆ ಬೇರೆ ಮರಗಳಿದ್ದರೆ, ಯಾರನ್ನೇ ಕರೆಸಿದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಡಿ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ.