ಯಾವ ಬಸವನಹುಳು ಯಾವ ಹೊತ್ತಿಗೆ ಎಚ್ಚರ: ಒಂದೇ ತೊಟ್ಟಿಯಲ್ಲಿ ನಾಲ್ಕರ ಹೋಲಿಕೆ

ಅಕ್ವೇರಿಯಂಗೆ ಬಸವನಹುಳು ಕೊಳ್ಳುವವರು ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ: ಪಾಚಿ ತಿನ್ನುತ್ತದೆಯೇ, ಮರಿ ಮಾಡಿ ತೊಟ್ಟಿ ತುಂಬಿಸುತ್ತದೆಯೇ? ಅದು ಯಾವ ಹೊತ್ತಿನಲ್ಲಿ ಓಡಾಡುತ್ತದೆ ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದೇ ಅದು. ಬೆಳಿಗ್ಗೆ ಮನೆ ಬಿಟ್ಟು, ಸಿಲ್ಕ್ ಬೋರ್ಡ್ ದಾಟಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವವರ ಕಣ್ಣಿಗೆ ಬೀಳುವ ಹುಳುವೇ ಬೇರೆ. ದಿನವಿಡೀ ಮನೆಯಲ್ಲಿರುವವರು ನೋಡುವುದೇ ಬೇರೆ. ಅದಕ್ಕಿಂತ ಮುಖ್ಯವಾಗಿ, ಹುಳುವಿನ ದಿನಚರಿ ಗೊತ್ತಿದ್ದರೆ ಅದು ಏರುಪೇರಾದ ದಿನ ನೀರು ಕೆಟ್ಟಿದೆಯೇ ಎಂದು ಕೂಡಲೇ ಪರೀಕ್ಷಿಸಬಹುದು.

ನಾನು ಹೋಲಿಸಿದ್ದು ಮಿಸ್ಟರಿ, ನೆರೈಟ್, ರ‍್ಯಾಮ್ಸ್‌ಹಾರ್ನ್, ಟ್ರಂಪೆಟ್ ಎಂಬ ನಾಲ್ಕು ಬಗೆಗಳನ್ನು. ಮೊದಲ ಮೂರು ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಲಿನ ಅಂಗಡಿಗಳಲ್ಲಿ ಸಿಕ್ಕವು. ಟ್ರಂಪೆಟ್ ಅನ್ನು ಹಣ ಕೊಟ್ಟು ಕೊಳ್ಳಬೇಕಾಗಲಿಲ್ಲ, ನೀರುಗಿಡದ ಬೇರಿಗೆ ಅಂಟಿಕೊಂಡು ತಾನಾಗಿ ಬಂತು. ಎಲ್ಲವೂ ಒಂದೇ ತೊಟ್ಟಿಯಲ್ಲಿ, ನುಣುಪಾದ ಮರಳಿನ ತಳದಲ್ಲಿ ಇದ್ದವು. ದೀಪವನ್ನು ಟೈಮರ್‌ಗೆ ಜೋಡಿಸಿದ್ದೆ. ಕತ್ತಲಾದ ಮೇಲೆ ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ ನೋಡುತ್ತಿದ್ದೆ. ಬಿಳಿ ಬೆಳಕು ಬಿದ್ದ ಕೂಡಲೇ ಹುಳುಗಳು ಮೈ ಸೆಳೆದುಕೊಳ್ಳುತ್ತಿದ್ದವು. ಕೆಂಪು ಬೆಳಕಿಗೆ ಅಷ್ಟಾಗಿ ಬೆದರಲಿಲ್ಲ.

ಹೊತ್ತು ಗೊತ್ತಿಲ್ಲದ ಜೀವಿ ಎಂದರೆ ಮಿಸ್ಟರಿ. ಹಗಲು ಮೂರು ನಾಲ್ಕು ತಾಸು ಮೂಲೆಯಲ್ಲಿ ಚಿಪ್ಪಿನ ಮುಚ್ಚಳ ಎಳೆದುಕೊಂಡು ಬಿದ್ದಿರುತ್ತದೆ, ಸತ್ತೇ ಹೋಯಿತೇನೋ ಎಂದು ಗಾಬರಿಯಾಗುವಷ್ಟು. ಆಮೇಲೆ ಎದ್ದು ಹೀರೇಕಾಯಿ ಬಿಲ್ಲೆಯ ಮೇಲೆ ಕೂರುತ್ತದೆ. ಇದಕ್ಕೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ಮೇಲ್ಮೈಗೆ ಬಂದಾಗ ಎಡಭಾಗದ ಉಸಿರುಕೊಳವೆಯನ್ನು ನೀರಿನಿಂದ ಹೊರಗೆ ಚಾಚಿ, ಇಡೀ ಮೈಯನ್ನು ಚಿಪ್ಪಿನೊಳಕ್ಕೂ ಹೊರಕ್ಕೂ ಆಡಿಸುತ್ತಾ ಗಾಳಿ ತುಂಬಿಕೊಳ್ಳುತ್ತದೆ. ನಾಲ್ಕು ಬಗೆಗಳಲ್ಲಿ ಇಷ್ಟು ಹತ್ತಿರದಿಂದ, ಇಷ್ಟು ಸ್ಪಷ್ಟವಾಗಿ ನೋಡಲು ಸಿಗುವ ದೃಶ್ಯ ಬೇರೊಂದಿಲ್ಲ.

ಬೆಳಗಿನ ಜಾವ ಮಿಸ್ಟರಿ ಮತ್ತೆ ಮತ್ತೆ ಮೇಲೆ ಬರುತ್ತಿತ್ತು. ಇದು ಅದರ ಸ್ವಭಾವವೆಂದೇ ಹೇಳಿಬಿಡಬಹುದಿತ್ತು, ಆದರೆ ಹಾಗಲ್ಲ. ರಾತ್ರಿ ಗಿಡಗಳು ಆಮ್ಲಜನಕ ಉತ್ಪಾದಿಸುವುದಿಲ್ಲ, ತಾವೂ ಉಸಿರಾಡಿ ಖರ್ಚು ಮಾಡುತ್ತವೆ. ಹೀಗಾಗಿ ಗಿಡ ತುಂಬಿದ ತೊಟ್ಟಿಯಲ್ಲಿ ದೀಪ ಹೊತ್ತುವ ಮುನ್ನ ಆಮ್ಲಜನಕ ತೀರಾ ಕಡಿಮೆಯಾಗಿರುತ್ತದೆ. ರಾತ್ರಿಯಿಡೀ ಏರ್ ಪಂಪ್ ಓಡಿಸಿದಾಗ ಆ ಓಡಾಟ ಎದ್ದು ಕಾಣುವಷ್ಟು ತಗ್ಗಿತು. ಬೆಂಗಳೂರಿನವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಅಷ್ಟೇ ಬಿಸಿಯಿರುವ ಮಂಗಳೂರಿನ ನೀರಿಗಿಂತ ಇಲ್ಲಿನ ನೀರಿನಲ್ಲಿ ಕರಗುವ ಆಮ್ಲಜನಕವೂ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ಇನ್ನೂ ಇಳಿಯುತ್ತದೆ.

ನೆರೈಟ್ ರಾತ್ರಿಯ ಜೀವಿ ಎಂಬ ಮಾತು ನನ್ನ ತೊಟ್ಟಿಯ ಮಟ್ಟಿಗೆ ಬಹುಪಾಲು ನಿಜ. ಹಗಲು ಫಿಲ್ಟರ್ ಹಿಂದೆಯೋ ಕಲ್ಲಿನ ಅಡಿಯೋ ಅಂಟಿಕೊಂಡಿರುತ್ತದೆ, ಒಮ್ಮೊಮ್ಮೆ ಮರುದಿನವೂ ಕದಲುವುದಿಲ್ಲ. ಅದು ಕೆಲಸ ಮಾಡಿದ್ದು ಗೊತ್ತಾಗುವುದು ಬೆಳಿಗ್ಗೆ ಗಾಜನ್ನು ಓರೆಯಾಗಿ ನೋಡಿದಾಗ: ಹಸಿರು ಪಾಚಿಯ ನಡುವೆ ಅಂಕುಡೊಂಕಾದ ತೆಳು ಗೆರೆಗಳು, ಗೆರೆ ಹೋದ ಕಡೆ ಗಾಜು ಥಳಥಳ. ಗಾಜು ತಿಕ್ಕುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಕತ್ತಲಲ್ಲಿ ನೀರಿನಿಂದ ಹೊರಗೂ ಹತ್ತುತ್ತದೆ, ಮುಚ್ಚಳವಿಲ್ಲದ ತೊಟ್ಟಿಗೆ ತರಬೇಡಿ. ಮೊಟ್ಟೆಯೊಡೆದ ಮರಿ ಬೆಳೆಯಲು ಉಪ್ಪುಮಿಶ್ರಿತ ನೀರು ಬೇಕಾದ್ದರಿಂದ ಸಂಖ್ಯೆ ಹೆಚ್ಚುವ ಭಯವಂತೂ ಇಲ್ಲ.

ರ‍್ಯಾಮ್ಸ್‌ಹಾರ್ನ್ ಬಗ್ಗೆ ಹೇಳುವುದು ಸ್ವಲ್ಪವೇ. ದೀಪ ಇರಲಿ, ಆರಿರಲಿ, ಆಹಾರ ಬಿದ್ದ ಕಡೆ ಹಾಜರ್. ಇದರ ಗಡಿಯಾರ ಹೊಟ್ಟೆಯೇ. ಹಿಮೋಗ್ಲೋಬಿನ್ ಇರುವ ಕೆಂಪು ರಕ್ತದ ಹುಳುವಾದ್ದರಿಂದ ಆಮ್ಲಜನಕ ಕಡಿಮೆಯಾದರೂ ಬೇಗ ಸೋಲುವುದಿಲ್ಲ, ಹಾಗಾಗಿ ಇದರ ಚಲನೆ ನೋಡಿ ನೀರಿನ ಸ್ಥಿತಿ ಊಹಿಸಲು ಹೋಗಬಾರದು. ಇದೇ ರೀತಿ ಶ್ವಾಸಕೋಶವುಳ್ಳ ಕೊಳದ ಬಸವನಹುಳು ಲಿಮ್ನಿಯಾದ ನಿದ್ದೆಯನ್ನು ಟೊರಾಂಟೊ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಅದು 13ರಿಂದ 15 ತಾಸುಗಳಲ್ಲಿ ಸುಮಾರು ಏಳು ಸಲ ತುಂಡುತುಂಡಾಗಿ ನಿದ್ರಿಸಿ, ಆಮೇಲೆ 33ರಿಂದ 41 ತಾಸು ಎಚ್ಚರವಿರುತ್ತದೆಯಂತೆ. ನಮ್ಮ 24 ತಾಸಿನ ಲೆಕ್ಕದಲ್ಲಿ ಎಲ್ಲ ಬಸವನಹುಳುಗಳನ್ನೂ ಅಳೆಯಬಾರದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಟ್ರಂಪೆಟ್. ಅಂಗಡಿಯವರು ಪೀಡೆ ಎನ್ನುತ್ತಾರೆ. ನಾನು ಈ ನಾಲ್ಕರಲ್ಲಿ ಮೊದಲ ಸ್ಥಾನ ಕೊಡುವುದು ಇದಕ್ಕೇ. ದೀಪ ಇರುವಷ್ಟೂ ಹೊತ್ತು ಮರಳೊಳಗೆ ಹೂತುಕೊಂಡಿರುತ್ತದೆ, ಒಂದೂ ಕಾಣದು. ದೀಪ ಆರಿ ಅರ್ಧ ತಾಸು ಕಳೆಯುವುದರೊಳಗೆ ಮರಳು ಅಲ್ಲಲ್ಲಿ ಉಬ್ಬುತ್ತದೆ, ಎರಡು ಮೂರು ಕಣ ಜಾರುತ್ತವೆ, ಚೂಪಾದ ಚಿಪ್ಪೊಂದು ಓರೆಯಾಗಿ ಮೇಲೇಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ತಳವೆಲ್ಲ ಅವೇ. ಹಗಲಿನ ಈ ಹೂಳಾಟದಿಂದ ಮರಳು ಸಡಿಲವಾಗಿ ಉಳಿಯುತ್ತದೆ, ತಳದಲ್ಲಿ ಕೊಳೆತ ಗಾಳಿ ಕಟ್ಟಿಕೊಳ್ಳುವುದಿಲ್ಲ. ಗಂಡಿನ ಹಂಗಿಲ್ಲದೆ ಮರಿಯನ್ನೇ ಹೆರುವ ಜೀವಿ ಇದು, ಆಹಾರ ಹೆಚ್ಚು ಸುರಿದರೆ ಸಂಖ್ಯೆ ಮಿತಿಮೀರುತ್ತದೆ ಎಂಬ ದೂರು ನ್ಯಾಯವಾದದ್ದೇ. ಕೈ ಬಿಗಿಹಿಡಿದು ಆಹಾರ ಹಾಕಬೇಕು, ಅಷ್ಟೇ.

ಇಷ್ಟು ಕಟ್ಟುನಿಟ್ಟಿನ ದಿನಚರಿ ಇರುವುದರಿಂದಲೇ ಇದರ ಎಚ್ಚರಿಕೆಗೆ ಬೆಲೆ. ಕಿವಿರಿನಿಂದಷ್ಟೇ ಉಸಿರಾಡುವ ಟ್ರಂಪೆಟ್‌ಗಳು ಆಹಾರ ಹಾಕದಿದ್ದರೂ ಹಾಡಹಗಲೇ ಗುಂಪಾಗಿ ಗಾಜು ಹತ್ತಿದವೆಂದರೆ ಏರ್ ಪಂಪ್ ನಿಂತಿದೆಯೇ, ಸತ್ತ ಮೀನು ಎಲ್ಲಾದರೂ ಕೊಳೆಯುತ್ತಿದೆಯೇ ಎಂದು ನೋಡಿ, ಸ್ವಲ್ಪ ನೀರು ಬದಲಿಸಿ. ಮೀನುಗಳು ಬಾಯ್ದೆರೆಯುವವರೆಗೆ ಕಾಯಬೇಡಿ.

ಮಕ್ಕಳಿರುವ ಮನೆಗೆ, ಹಗಲು ನೋಡಲು ಏನಾದರೂ ಬೇಕೆನ್ನುವವರಿಗೆ ಮಿಸ್ಟರಿಯೇ ಸರಿ. ಆದರೆ ಡಿಸೆಂಬರ್, ಜನವರಿಯಲ್ಲಿ ಹೀಟರ್ ಇಲ್ಲದ ತೊಟ್ಟಿಯ ನೀರು 20 ಡಿಗ್ರಿ ಆಸುಪಾಸಿಗೆ ಇಳಿದಾಗ ಅದು ಬಹಳ ಮಂಕಾಗುತ್ತದೆ. ರಾತ್ರಿ ಮಾತ್ರ ಬಿಡುವಿರುವವರು ಮರಳು ಹಾಸಿ ಟ್ರಂಪೆಟ್ ಸಾಕಲಿ. ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರವಿಟ್ಟು, ಟೈಮರ್ ಅನ್ನು ದಿನಕ್ಕೆ ಅರ್ಧ ತಾಸಿನಂತೆ ಹಿಂದಕ್ಕೆ ಸರಿಸಿ, ದೀಪ ಮಧ್ಯಾಹ್ನ ಹನ್ನೆರಡಕ್ಕೆ ಹೊತ್ತಿ ರಾತ್ರಿ ಎಂಟಕ್ಕೆ ಆರುವಂತೆ ಮಾಡಿ. ಕೋಣೆಯ ದೀಪವನ್ನೂ ಆರಿಸಿಟ್ಟರೆ, ಊಟ ಮುಗಿಸಿ ಕೆಂಪು ಟಾರ್ಚ್ ಹಿಡಿದು ಬರುವ ಹೊತ್ತಿಗೆ ಅವು ಮರಳಿನ ಮೇಲಿರುತ್ತವೆ.